ಉಳ್ಳಾಗಡ್ಡಿ ಬಣ್ಣದ ಕುಬಸ

ಕಾಂಚನಾ ಕನ್ನಡಿ ನೋಡುವುದನ್ನು ಬಿಟ್ಟಿದ್ದಾಳೆ ಎಂದು ನನಗೆ ಗೊತ್ತಾದದ್ದು ಕನ್ನಡಿಯ ಮೇಲೆ ಕೂತ ನೂಲಿನ ಧೂಳಿನಿಂದ. ಬನಹಟ್ಟಿಯ ನಮ್ಮ ಮನೆಯ ಮುಂದಿನ ಅಂಕಣದಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ಬೆಳಗಿನಿಂದ ಸಂಜೆಯವರೆಗೆ ಅವು ಓಡಿದರೆ ಸಣ್ಣ ಸಣ್ಣ ಎಳೆಗಳು ಹಾರಿ ದೇವರ ಪಟದಿಂದ ಹಿಡಿದು ಉಪ್ಪಿನ ಡಬ್ಬಿಯವರೆಗೆ ಎಲ್ಲದರ ಮೇಲೂ ಕೂರುತ್ತವೆ. ಪಡಸಾಲೆಯ ಕನ್ನಡಿಯನ್ನು ದಿನಾ ಒರೆಸುತ್ತಿದ್ದವಳು ನನ್ನ ಮೊಮ್ಮಗಳೊಬ್ಬಳೇ. ಅದು ಅವಳಿಗೆ ಯಾರೂ ಹಚ್ಚಿದ ಕೆಲಸವಲ್ಲ. ತಲೆ ಬಾಚಿಕೊಳ್ಳಲು ಮುಖ ಕಾಣಬೇಕಲ್ಲ, ಅದಕ್ಕೆ. ಒಂದು ಬೆಳಿಗ್ಗೆ ನಾನು ಹೋಗಿ ನಿಂತರೆ ಕನ್ನಡಿ ಬೂದಿ ಬಳಿದಂತಿತ್ತು. ಬೆರಳಿನಿಂದ ಗೆರೆ ಎಳೆದು ನೋಡಿದೆ. ಎರಡು ಮೂರು ದಿನದ ಧೂಳಲ್ಲ ಅದು, ತಿಂಗಳದ್ದು.

ಈಗ ಅವಳು ಫೋನು ನೋಡಿಕೊಂಡು ತಲೆ ಬಾಚಿಕೊಳ್ಳುತ್ತಾಳೆ. ಬಾಚುವಾಗಲೂ ನಡುನಡುವೆ ಹೆಬ್ಬೆರಳು ಏನನ್ನೋ ಮೇಲಕ್ಕೆ ತಳ್ಳುತ್ತಲೇ ಇರುತ್ತದೆ.

ಇದು ಹೋದ ಶ್ರಾವಣದಲ್ಲಿ ಶುರುವಾದದ್ದು. ಕಾಂಚನಾ ಜಮಖಂಡಿಯಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಳೆ. ನಾವು ನೇಯ್ದ ಸೀರೆಗಳನ್ನೆಲ್ಲ ವ್ಯಾಪಾರಿಗಳಿಗೇ ಕೊಡುವುದೇಕೆ, ಫೋನಿನಲ್ಲಿ ತೋರಿಸಿ ನಾವೇ ಮಾರೋಣ ಎಂದು ಅವಳೇ ಅಪ್ಪನಿಗೆ ಹೇಳಿದಳು. ನನ್ನ ಮಗ ಗುರುಸಿದ್ದ ಮೊದಲು ನಕ್ಕ, ಆಮೇಲೆ ಒಪ್ಪಿದ. ಸೊಸೆ ರಂಜನಾ ಫೋನು ಹಿಡಿದಳು. ಕಾಂಚನಾ ಹಸಿರು ಸೀರೆಯುಟ್ಟು ಬಾಗಿಲಲ್ಲಿ ನಿಂತು ಒಂದು ಸುತ್ತು ತಿರುಗಿ ಸೆರಗು ತೋರಿಸಿದಳು. ನಾನು ಕಟ್ಟಿದ ಕುಚ್ಚೊಂದು ಅವಳ ಕೈಗೇ ಕಿತ್ತು ಬಂತು. ಅವಳು ನಕ್ಕುಬಿಟ್ಟಳು. ನಕ್ಕಾಗ ಅವಳ ಹಲ್ಲಿನ ಮೇಲಿನ ಹಲ್ಲು ಕಾಣುತ್ತದೆ, ಅದು ಅವರಜ್ಜನಿಂದ ಬಂದದ್ದು. ಆ ನಗು ವಿಡಿಯೋದಲ್ಲಿ ಇದ್ದ ಹಾಗೆಯೇ ಹೋಯಿತು, ನಾಲ್ಕು ಸೀರೆಗಳೂ ಮಾರಿಹೋದವು.

ಆರನೆಯದೋ ಏಳನೆಯದೋ ವಿಡಿಯೋದ ಕೆಳಗೆ ಯಾರೋ ಬರೆದರು. ಯಾರೆಂದು ಗೊತ್ತಿಲ್ಲ, ಹೆಸರಿನ ಜಾಗದಲ್ಲಿ ಒಂದು ಕೆಂಪು ಕಾರಿನ ಚಿತ್ರವಿತ್ತು. "ಸೀರಿ ಛಲೋ ಐತಿ. ಉಟ್ಟಾಕಿ ಮಾರಿ ಮುಚ್ಚಿ ತೋರಸ್ರಿ, ಇನ್ನೂ ಹೆಚ್ಚು ಹೋಗತಾವ." ಮುಖ ಮುಚ್ಚಬೇಕೆಂಬ ಆ ಮಾತಿನ ಕೆಳಗೆ ಮೂವತ್ತೆಂಟು ಮಂದಿ ನಕ್ಕಿದ್ದರು. ಇದನ್ನೆಲ್ಲ ನಾನು ತಿಳಿದದ್ದು ಬಹಳ ತಡವಾಗಿ. ಆ ದಿನ ತಿಳಿದದ್ದು ಇಷ್ಟೇ: ನಾನು ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾಗ ಅವಳು ಬಂದು ಪಕ್ಕದಲ್ಲಿ ಕೂತಳು. ನಾಲ್ಕು ಎಲೆ ಬಿಡಿಸಿದಳು, ಎದ್ದಳು, ಮತ್ತೆ ಕೂತಳು.

"ಆಯಿ, ನನ್ನ ಮಾರಿ ಅಗಲ ಐತೇನ?"

"ನಿಮ್ಮಜ್ಜನ ಮಾರಿ ಬೇ ಅದು," ಎಂದೆ ನಾನು, ಹೆಮ್ಮೆಯಿಂದ.

ಅದು ಉತ್ತರವಾಗಿರಲಿಲ್ಲ. ಅವಳು ಎದ್ದು ಹೋದಳು.

ಆಮೇಲಿನ ವಿಡಿಯೋಗಳು ಬಾಗಿಲಿನಿಂದ ಒಳಕೋಣೆಗೆ ಹೋದವು. ಬಳೆಯಾಕಾರದ ದೀಪವೊಂದು ಬಂತು. ರಂಜನಾಳ ಫೋನಿನಲ್ಲಿ ನೋಡಿದರೆ ನಮ್ಮ ಕಾಂಚನಾ ಬೆಳ್ಳಗೆ, ಸಣ್ಣ ಗದ್ದದವಳಾಗಿ, ತುಟಿ ಬಿಚ್ಚದೆ ನಗುತ್ತಿದ್ದಳು. ನಾನು ದೀಪದ ಬೆಳಕಿಗೆ ಹಾಗೆ ಕಾಣುತ್ತದೆ ಎಂದುಕೊಂಡೆ. ಕೆಳಗೆ ಮುಧೋಳದವರು, ಬೀಳಗಿಯವರು, ಯಾರ್‍ಯಾರೋ "ಎಷ್ಟ ಚಂದ ಅದೀರಿ ಅಕ್ಕಾ" ಎಂದು ಬರೆಯುತ್ತಿದ್ದರು. ಅವಳು ಅದನ್ನು ಓದಿ ಸಂತೋಷಪಟ್ಟಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಓದಿದಷ್ಟೂ ಅವಳಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ರೊಟ್ಟಿ ಮುರಿದು ಬಾಯಿಗಿಡುವ ಮೊದಲು ಫೋನು. ಕರೆಂಟ್ ಹೋಗಿ ಮಗ್ಗ ನಿಂತಾಗ ಅಟ್ಟಣಿಗೆಯ ಮೇಲಿಟ್ಟ ಫೋನು ಗುರ್ ಎಂದರೆ, ನಾವೆಲ್ಲ ಕೇಳುವ ಮೊದಲು ಅವಳು ಎದ್ದಿರುತ್ತಿದ್ದಳು.

ಜನವರಿಯಲ್ಲಿ ಇನ್ನೊಂದಾಯಿತು. ಜಮಖಂಡಿ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ನಿಂತಿತ್ತು. ಮುಂದಿನ ಸೀಟಿನ ಇಬ್ಬರು ಹುಡುಗಿಯರು ತಿರುಗಿ ಇವಳನ್ನು ನೋಡಿ, ಫೋನು ತೆಗೆದು, ಅದನ್ನು ಇವಳ ಮುಖದ ಪಕ್ಕಕ್ಕೆ ಹಿಡಿದು ನೋಡಿದರಂತೆ. ಆಮೇಲೆ ಮುಂದಕ್ಕೆ ತಿರುಗಿ ಕೂತರಂತೆ. ಇದನ್ನು ಅವಳು ರಂಜನಾಳಿಗೆ ಅರ್ಧ ಹೇಳಿದಳು, ರಂಜನಾ ನನಗೆ ಹೇಳಿದಳು. ಅಂದಿನಿಂದ ಕಾಂಚನಾ ಓಢಣಿಯನ್ನು ಕಣ್ಣಷ್ಟೇ ಕಾಣುವ ಹಾಗೆ ಮುಖಕ್ಕೆ ಸುತ್ತಿಕೊಂಡು ಕಾಲೇಜಿಗೆ ಹೋಗತೊಡಗಿದಳು. ಕೇಳಿದರೆ ಬಿಸಿಲಿಗೆ ಎನ್ನುವಳು. ಕೆಲವು ದಿನ ಇವತ್ತು ಕ್ಲಾಸಿಲ್ಲ ಎನ್ನುವಳು.

ಇಲ್ಲಿ ನನ್ನ ಕಣ್ಣಿನ ವಿಷಯ ಹೇಳಬೇಕು, ಯಾಕೆಂದರೆ ಮುಂದೆ ಆದ ತಪ್ಪಿನಲ್ಲಿ ಅದರದ್ದೂ ಪಾಲಿದೆ.

ನಮ್ಮ ಮನೆಯಲ್ಲಿ ಒಂದು ರೂಢಿ. ಹೊಸ ನೂಲು ಬಂದರೆ ಗುರುಸಿದ್ದ ಒಂದು ಲಡಿ ತಂದು, ಬೆಳಿಗ್ಗೆ ಹತ್ತು ಗಂಟೆಗೆ, ಹೊಸ್ತಿಲಿನಿಂದ ಒಂದು ಹೆಜ್ಜೆ ಒಳಗೆ ನನ್ನ ಕೈಗೆ ಕೊಡುತ್ತಾನೆ. ಆ ಹೊತ್ತಿಗೆ ಅಲ್ಲಿ ನೇರ ಬಿಸಿಲೂ ಇರುವುದಿಲ್ಲ, ಕತ್ತಲೆಯೂ ಇರುವುದಿಲ್ಲ. ಬಣ್ಣ ಇದ್ದ ಹಾಗೆ ಕಾಣುತ್ತದೆ. ನಾನು ನೋಡಿ ಹೆಸರು ಹೇಳುತ್ತೇನೆ, ಹಳೆಯ ಸೀರೆಯ ಬಣ್ಣಕ್ಕೆ ಕೂಡುತ್ತದೆಯೋ ಇಲ್ಲವೋ ಹೇಳುತ್ತೇನೆ. ಇಟ್ಟಿಗೆಯ ಕಡುಗೆಂಪಿಗೆ ಇಟ್ಟಂಗಿ, ಈರುಳ್ಳಿ ಸಿಪ್ಪೆಯ ತಿಳಿಗೆಂಪಿಗೆ ಉಳ್ಳಾಗಡ್ಡಿ, ಗಿಣಿ ಹಸಿರು, ಹೀಗೆ ನಾನು ಇಟ್ಟ ಹೆಸರೇ ಮಗ್ಗದಲ್ಲಿ ಓಡುತ್ತದೆ. ಬಿ.ಎ. ಓದಿ ಈ ಮನೆಗೆ ಬಂದ ಮೇಲೆ ನನ್ನ ಅತ್ತೆ ನನಗೆ ಕಲಿಸಿಕೊಟ್ಟ ಕೆಲಸ ಅದು. ದೀಪಾವಳಿ ಆದಮೇಲೆ ನನ್ನ ಬಲಗಣ್ಣಿನ ಪೊರೆ ತೆಗೆಸಿದರು. ಎಡಗಣ್ಣಿನದು ಇನ್ನೂ ಆಗಬೇಕು. ಬಲಗಣ್ಣಿಗೆ ಬಿಳಿ ಬಿಳಿಯಾಗಿಯೇ ಕಾಣುತ್ತದೆ. ಎಡಗಣ್ಣಿಗೆ ಅದೇ ಬಿಳಿ ಚಹಾ ಚೆಲ್ಲಿ ಒಗೆದಂತೆ ಕಾಣುತ್ತದೆ. "ಯವ್ವಾ, ಕಣ್ಣಿಗೆ ತ್ರಾಸ ಕೊಡಬ್ಯಾಡ," ಎಂದು ಗುರುಸಿದ್ದ ಲಡಿ ತರುವುದನ್ನು ನಿಲ್ಲಿಸಿದ. ನನ್ನ ಮೇಲಿನ ಕಾಳಜಿಯಿಂದಲೇ ನಿಲ್ಲಿಸಿದ್ದು. ನಾನು ಮಾತ್ರ ನನ್ನ ಕಣ್ಣು ಇನ್ನು ಕೆಲಸಕ್ಕೆ ಬಾರದು ಎಂದುಕೊಂಡೆ. ಸೆರಗಿಗೆ ಕುಚ್ಚು ಕಟ್ಟುತ್ತ ಕೂತೆ.

ಫೆಬ್ರುವರಿ ಮೊದಲ ವಾರ ಕಾಂಚನಾ ಇಟ್ಟಂಗಿ ಬಣ್ಣದ ಸೀರೆಯುಟ್ಟು ವಿಡಿಯೋ ಮಾಡಿದಳು. ಆ ಸೀರೆಗೆ ಕುಚ್ಚು ಕಟ್ಟಿದವಳು ನಾನೇ. ಆದರೆ ಫೋನಿನಲ್ಲಿ ನೋಡಿದರೆ ಅದು ಉಳ್ಳಾಗಡ್ಡಿ ಸಿಪ್ಪೆಯ ತಿಳಿಗೆಂಪಾಗಿತ್ತು. ಎಡಗಣ್ಣು ಮುಚ್ಚಿ ನೋಡಿದೆ, ಬಲಗಣ್ಣು ಮುಚ್ಚಿ ನೋಡಿದೆ. ಎರಡಕ್ಕೂ ಉಳ್ಳಾಗಡ್ಡಿಯೇ. ಕೇಳಬೇಕಿತ್ತು. ಕೇಳಿದರೆ ಪಾಪ ಆಯಿಯ ಕಣ್ಣು ಎನ್ನುತ್ತಾರೆ ಎಂದು ಸುಮ್ಮನಾದೆ.

ಎರಡು ದಿನದಲ್ಲಿ ಆ ಸೀರೆ ಮುಧೋಳಕ್ಕೆ ಹೋಯಿತು. ಅದರ ಹಿಂದೆಯೇ ಗಲಗಲಿಯಿಂದ ತಂಗೆವ್ವ ಎಂಬವರ ಫೋನು ಬಂತು. ಅವರದ್ದು ಇಪ್ಪತ್ನಾಲ್ಕು ಹೆಂಗಸರ ಸಂಘ. ಊರಿನ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದ ಸಿಸ್ಟರ್ ನಿವೃತ್ತಿಯಾಗುತ್ತಿದ್ದರು. ಬೀಳ್ಕೊಡುವ ದಿನ ಎಲ್ಲರೂ ಒಂದೇ ಬಣ್ಣದ ಸೀರೆಯುಟ್ಟು ನಿಲ್ಲಬೇಕೆಂದು ಅವರ ಆಸೆ. ಆ ವಿಡಿಯೋ ನೋಡಿ ಎಲ್ಲರೂ ಒಪ್ಪಿದ್ದರು. ಕಾಂಚನಾ ಅಪ್ಪನಿಗೆ ಆ ವಿಡಿಯೋದ ಸೀರೆ ಇಪ್ಪತ್ನಾಲ್ಕು ಬೇಕಂತೆ ಎಂದಳು. ಗುರುಸಿದ್ದ ನೇಕಾರ ಧರೆಪ್ಪನಿಗೆ, ಮೊನ್ನೆ ಹುಡುಗಿ ಉಟ್ಟಿದ್ದಳಲ್ಲ ಅದು, ಎಂದ. ಧರೆಪ್ಪ ಇಟ್ಟಂಗಿ ನೂಲು ಏರಿಸಿದ. ಯಾರಿಗೂ ಬಣ್ಣದ ಹೆಸರು ಹೇಳುವ ಅಗತ್ಯ ಕಾಣಲಿಲ್ಲ. ಸೀರೆ ನೇಯ್ದಾಯಿತು, ಕುಚ್ಚು ಕಟ್ಟಿದ್ದಾಯಿತು, ಗಂಟು ಬಸ್ಸಿನಲ್ಲಿ ಗಲಗಲಿಗೆ ಹೋಯಿತು.

ಧರೆಪ್ಪ ನಮ್ಮ ಮನೆಯಲ್ಲಿ ನೇಯಲು ಬಂದು ಇಪ್ಪತ್ತೆಂಟು ವರ್ಷ. ನಾನು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದಾಗ ಮೂರು ಮಧ್ಯಾಹ್ನ ನನ್ನ ಕೋಣೆಯ ಗೋಡೆಗೆ ಹತ್ತಿದ ಮಗ್ಗವನ್ನು ಅವನು ನಿಲ್ಲಿಸಿಬಿಟ್ಟಿದ್ದ. ಗುರುಸಿದ್ದ ಕೇಳಿದರೆ ಬೆಲ್ಟು ಸಡಿಲಾಗಿದೆ ಎಂದನಂತೆ. ಬೆಲ್ಟಿಗೆ ಏನೂ ಆಗಿರಲಿಲ್ಲ.

ತಂಗೆವ್ವ ಬಂದದ್ದು ಗುರುವಾರ. ಫೋನಿನಲ್ಲೇ ಜಗಳವಾಡಬಹುದಿತ್ತು, ಎರಡು ಬಸ್ಸು ಬದಲಿಸಿ ತಾವೇ ಬಂದರು. ಕೈಯಲ್ಲಿ ಹೊಳೆದಂಡೆಯ ಬದನೆಕಾಯಿ ತುಂಬಿದ ಚೀಲ. ಮೊದಲು ಅದನ್ನು ರಂಜನಾಳಿಗೆ ಕೊಟ್ಟು, ನನ್ನ ಕಪ್ಪು ಕನ್ನಡಕ ನೋಡಿ ಯಾವ ಕಣ್ಣಿನದಾಯಿತು ಎಂದು ಕೇಳಿ, ಚಹಾ ಕುಡಿದು ಮುಗಿಸುವವರೆಗೆ ಬಂದ ಕೆಲಸದ ಮಾತೆತ್ತಲಿಲ್ಲ. ಆಮೇಲೆ ಇನ್ನೊಂದು ಚೀಲದಿಂದ ನಮ್ಮ ಸೀರೆಯನ್ನೂ ಒಂದು ಕುಬಸವನ್ನೂ ತೆಗೆದು ಅಂಕಣದ ಚಾಪೆಯ ಮೇಲಿಟ್ಟರು. ಪಕ್ಕದಲ್ಲಿ ತಮ್ಮ ಫೋನಿಟ್ಟರು.

ಸೀರೆ ಇಟ್ಟಂಗಿ. ಕುಬಸ ಉಳ್ಳಾಗಡ್ಡಿ. ಫೋನಿನಲ್ಲಿ ಕಾಂಚನಾ ಉಟ್ಟದ್ದೂ ಉಳ್ಳಾಗಡ್ಡಿ.

ದರ್ಜಿ ಕಡೆಗೆ ಮುಂಚೆಯೇ ಕೊಡದಿದ್ದರೆ ಆಗುವುದಿಲ್ಲವೆಂದು ಅವರು ಬೀಳಗಿಯಲ್ಲಿ ಫೋನು ತೋರಿಸಿ ಅದೇ ಬಣ್ಣದ ಅರಿವೆ ತಂದಿದ್ದರು. ಇಪ್ಪತ್ನಾಲ್ಕು ಕುಬಸ ಹೊಲಿದಾಗಿತ್ತು. ಕಾರ್ಯಕ್ರಮ ಭಾನುವಾರ. ಹೆಂಗಸರು ಮೋಸ ಆಯಿತು ಎನ್ನುತ್ತಿದ್ದರಂತೆ. ಈ ಮನೆಯ ಸೀರೆ ಎಂದು ಮುಂದೆ ನಿಂತು ಒಪ್ಪಿಸಿದವರು ತಂಗೆವ್ವ.

ಗುರುಸಿದ್ದನ ಮುಖ ಕೆಂಪಾಯಿತು. ಎದ್ದು ಹೋಗಿ ಧರೆಪ್ಪನ ಮಗ್ಗದ ಸ್ವಿಚ್ ತೆಗೆದ. ಉಳಿದವೂ ಒಂದೊಂದಾಗಿ ನಿಂತವು.

"ಧರೆಪ್ಪಣ್ಣ, ನೂಲಿನ ಕೋನು ಯಾವ ಖಾನ್ಯಾಗಿಂದ ತಗೊಂಡಿ?"

"ಕೆಳಗಿಂದ್ರಿ. ಇಟ್ಟಂಗಿ."

"ಫೋನಿನ್ಯಾಗ ನೋಡು. ಇದು ಇಟ್ಟಂಗಿ ಏನ?"

ಧರೆಪ್ಪ ಕೈಯನ್ನು ಹೆಗಲ ಮೇಲಿನ ಟವೆಲಿಗೆ ಒರೆಸಿಕೊಂಡು, ಫೋನನ್ನು ಮುಟ್ಟದೆ, ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಉಳ್ಳಾಗಡ್ಡಿ ಐತ್ರಿ," ಎಂದ. "ಹುಡುಗಿ ಉಟ್ಟಿದ್ದ ಸೀರಿ ನಾನ ನೇಯ್ದದ್ದು. ಇಟ್ಟಂಗಿ ಅಂತನ ನೆನಪೈತಿ. ಆದ್ರ ಫೋನ್ ಯಾಕ ಸುಳ್ಳ ಹೇಳತೈತ್ರಿ. ನನ್ನ ಕಣ್ಣ ಹೋಗ್ಯಾವ ಕಾಣತೈತಿ."

"ಕಣ್ಣ ಹೋಗಿದ್ರ ಮನ್ಯಾಗ ಕುಂದ್ರಬೇಕು. ಮಂದಿ ಮುಂದ ನಮ್ಮ ಮಾನ ಕಳೀಬಾರದು."

ಗುರುಸಿದ್ದ ಹಾಗೆ ಮಾತಾಡುವವನಲ್ಲ. ಆಡಿದ ಮೇಲೆ ಅವನಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ತಂಗೆವ್ವ ಹೋಗಲಿ ಬಿಡ್ರಿ ಎಂದು ಏನೋ ಹೇಳಲು ಹೋದರು. ಧರೆಪ್ಪ ಮಗ್ಗದ ಹತ್ತಿರ ಹೋಗಿ ಮೊಳೆಗೆ ತೂಗಿಬಿಟ್ಟ ಬುತ್ತಿಚೀಲ ತೆಗೆದುಕೊಂಡ.

ನಾನು ಬಾಯಿಬಿಟ್ಟೆ. ಆ ಸೀರೆಗೆ ಕುಚ್ಚು ಕಟ್ಟುವಾಗ ಇಟ್ಟಂಗಿ ಇತ್ತು, ಫೋನಿನಲ್ಲಿ ನೋಡಿದಾಗ ನನಗೂ ಉಳ್ಳಾಗಡ್ಡಿ ಕಂಡಿತ್ತು, ಆಗಲೇ ಹೇಳದೆ ತಪ್ಪು ಮಾಡಿದೆ ಎಂದೆ. "ಯವ್ವಾ, ನಿನ್ನ ಕಣ್ಣಿನ ಮಾತು ಬ್ಯಾರೆ," ಎಂದ ಗುರುಸಿದ್ದ, ಮೆತ್ತಗೆ. ನಾನು ಹೆದರಿದ್ದ ಮಾತೇ ಅದು. ಕೇಳಿದ ಮೇಲೆ ಅಷ್ಟೇನೂ ನೋಯಲಿಲ್ಲ.

ಒಳಕೋಣೆಯ ಬಾಗಿಲಲ್ಲಿ ಕಾಂಚನಾ ನಿಂತಿದ್ದಳು. ಅವಳ ಮುಖ ನೋಡಿದ ಕೂಡಲೇ ಇವಳಿಗೆ ಗೊತ್ತಿದೆ ಎಂದು ನನಗೆ ತಿಳಿಯಿತು. ಅವಳಿಗೂ ಆ ಕ್ಷಣಕ್ಕೇ ಗೊತ್ತಾದದ್ದು. ಮೊದಲು ಗೊತ್ತಿದ್ದರೆ ಅವಳು ಹಾಗೆ ಬಾಗಿಲ ಚೌಕಟ್ಟು ಹಿಡಿಯುತ್ತಿರಲಿಲ್ಲ. ಎಡಗೈಯಲ್ಲಿ ಫೋನಿತ್ತು. ಆ ವಿಡಿಯೋ ತೆರೆದಿತ್ತು, ಹೆಬ್ಬೆರಳು ಮೂಲೆಯ ಮೂರು ಚುಕ್ಕೆಗಳ ಹತ್ತಿರ ಇತ್ತು. ಅಲ್ಲಿ ಒತ್ತಿದರೆ ಅಳಿಸಬಹುದು ಎಂದು ಅವಳೇ ನನಗೆ ಒಮ್ಮೆ ತೋರಿಸಿದ್ದಳು. ಅಳಿಸಿ ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಬುತ್ತಿಚೀಲ ಹೊರಗೆ ಹೋಗುತ್ತಿತ್ತು. ನಾನು ಅವಳನ್ನು ಕರೆಯಲಿಲ್ಲ. ಕರೆಯಬೇಕಿತ್ತೇನೋ, ಈಗಲೂ ಗೊತ್ತಾಗುವುದಿಲ್ಲ. ನನ್ನ ಕೈಯಲ್ಲಿದ್ದ ಕುಚ್ಚಿನ ಎಳೆಯನ್ನು ಎಷ್ಟು ಬಿಗಿಯಾಗಿ ಎಳೆದಿದ್ದೆನೆಂದರೆ ಅದು ಬೆರಳಿಗೆ ಕೂತಿತ್ತು.

ಧರೆಪ್ಪ ಹೊರಗೆ ಒಂದು ಚಪ್ಪಲಿಗೆ ಕಾಲು ತೂರಿಸಿದ.

"ಕಾಕಾ, ನಿಲ್ರಿ," ಎಂದಳು ಕಾಂಚನಾ. "ನೀವು ನೇಯ್ದದ್ದ ಖರೆ. ಫೋನ ಸುಳ್ಳ ಹೇಳೈತಿ."

ಅಪ್ಪನಿಗೆ ಬಾಯಲ್ಲಿ ಹೇಳಿ ತಿಳಿಸಲು ಅವಳಿಂದಾಗಲಿಲ್ಲ. ಸೀರೆಯ ಮುಂದೆ ಫೋನು ಹಿಡಿದಳು: ಇಟ್ಟಂಗಿ. ಎಲ್ಲೋ ಒತ್ತಿದಳು, ಸೀರೆಯನ್ನು ತನ್ನ ಮುಖದ ಹತ್ತಿರ ತಂದಳು: ಉಳ್ಳಾಗಡ್ಡಿ. ಮುಖ ಬೆಳ್ಳಗಾಗಿಸುವ ಫಿಲ್ಟರ್ ಇದು, ಮುಖಕ್ಕಷ್ಟೇ ಹತ್ತುತ್ತದೆ ಅಂದುಕೊಂಡಿದ್ದೆ, ಸೀರೆಗೂ ಹತ್ತಿದೆ ಎಂದಳು. ಗುರುಸಿದ್ದನಿಗೆ ಇನ್ನೂ ನಂಬಿಕೆ ಬರಲಿಲ್ಲ. ಅವಳು ಫೋನನ್ನು ಅವನ ಕಡೆಗೆ ತಿರುಗಿಸಿದಳು. ನನ್ನ ಮಗನ ಬಿಸಿಲಿಗೆ ಕಂದಿದ ಮುಖ ಮೆತ್ತಗೆ ಗುಲಾಬಿಯಾಯಿತು, ಗದ್ದ ಸಣ್ಣದಾಯಿತು, ಮೀಸೆಯ ಕೆಳಗೆ ಬಣ್ಣ ಹಚ್ಚಿದಂಥ ತುಟಿಗಳು ಬಂದವು.

"ಗುರುಸಿದ್ದಪ್ಪಾರ, ಇನ್ನೊಂದ ಲಗ್ನಕ್ಕ ಅಡ್ಡಿಲ್ಲ ನೋಡ್ರಿ," ಎಂದರು ತಂಗೆವ್ವ.

ರಂಜನಾ ಸೆರಗು ಬಾಯಿಗಿಟ್ಟುಕೊಂಡಳು. ಧರೆಪ್ಪ ಒಂದು ಕಾಲಲ್ಲಿ ಚಪ್ಪಲಿಯಿದ್ದಂತೆಯೇ ಒಳಗೆ ಬಂದು ತನ್ನದೂ ತೋರಿಸಲು ಹೇಳಿದ. ತೆರೆಯಲ್ಲಿ ಕಂಡವನನ್ನು ನೋಡಿ, ಇವನು ಹಿಪ್ಪರಗಿಯಲ್ಲಿರುವ ತನ್ನ ತಮ್ಮನ ಮಗನ ಹಾಗೆ ಇದ್ದಾನೆ ಎಂದ. ಗುರುಸಿದ್ದ ಮಾತ್ರ ನಗಲಿಲ್ಲ. ಇದನ್ನು ಯಾಕೆ ಹಾಕುತ್ತಿ ಎಂದು ಕೇಳಿದ. ಅವಳು ಫೋನಿನಲ್ಲಿ ಏನೋ ತೆರೆದು ಅವನ ಕೈಗಿತ್ತಳು. ಆರು ತಿಂಗಳ ಹಿಂದಿನ ಆ ಒಂದು ಸಾಲು. ಹುಡುಕಲು ಅವಳಿಗೆ ಎರಡು ಉಸಿರಿನ ಹೊತ್ತೂ ಹಿಡಿಯಲಿಲ್ಲ. ದಿನಾ ಹೋಗಿ ಬರುವ ದಾರಿಯಂತೆ ಅವಳಿಗೆ ಅದು ಗೊತ್ತಿತ್ತು. ಗುರುಸಿದ್ದ ತುಟಿ ಅಲುಗಿಸುತ್ತ ಓದಿದ. ನನಗೂ ತೋರಿಸಿದ. ನಾನು ಮೊದಲ ಸಲ ಓದಿದ್ದು ಆಗಲೇ. ಅವನು ಫೋನನ್ನು ಚಾಪೆಯ ಮೇಲೆ ಬೋರಲು ಇಟ್ಟು ಸ್ವಲ್ಪ ಹೊತ್ತು ಅದರ ಮೇಲೆ ಅಂಗೈ ಇಟ್ಟುಕೊಂಡೇ ಕೂತ.

ತಂಗೆವ್ವನ ಸಮಸ್ಯೆ ಮಾತ್ರ ಹಾಗೆಯೇ ಇತ್ತು. ಭಾನುವಾರಕ್ಕೆ ಬೇರೆ ಸೀರೆ ನೇಯಲಾಗದು. ಇಟ್ಟಂಗಿಯ ಮೇಲೆ ಉಳ್ಳಾಗಡ್ಡಿ ಕುಬಸ ತಮ್ಮ ಕಣ್ಣಿಗೇನೂ ಕೆಟ್ಟದಾಗಿ ಕಾಣುವುದಿಲ್ಲ ಎಂದರು ಅವರು. ಆದರೆ ಗಲಗಲಿಯ ಹೆಂಗಸರು ಅಂಗನವಾಡಿಯಲ್ಲಿ ಕೂಡಿಕೊಂಡು ಕಾಯುತ್ತಿದ್ದರು.

"ನಾ ಹೇಳಿದ್ರ ನಂಬೂದಿಲ್ರಿ ಅವರು. ಫೋನಿನ್ಯಾಗ ನೋಡಿ ತಗೊಂಡಾರ, ಫೋನಿನ್ಯಾಗ ತೋರಸಬೇಕು."

ರಂಜನಾ ತಾನು ಉಡುತ್ತೇನೆ ಎಂದು ಸೀರೆಗೆ ಕೈ ಹಾಕಿದಳು. ತಂಗೆವ್ವ ಕಾಂಚನಾಳ ಕಡೆ ನೋಡದೆ, ಬಳೆ ಸರಿಪಡಿಸಿಕೊಳ್ಳುತ್ತ, ಅವರು ಆ ಹುಡುಗಿ ಉಟ್ಟದ್ದು ನೋಡಿದ್ದಾರೆ, ಅವಳೇ ಉಟ್ಟರೆ ಮಾತು ಮುಗಿಯುತ್ತದೆ, ಅವಳಿಗೆ ಮನಸ್ಸಿದ್ದರೆ ಮಾತ್ರ ಎಂದರು. ಕಾಂಚನಾ ಸೀರೆ ಎತ್ತಿಕೊಂಡು ಒಳಗೆ ಹೋದಳು. ಹಾಗೆಯೇ ಹೊರಗೆ ಬಂದಳು. ನೀರು ಕುಡಿದಳು. ಮತ್ತೆ ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ನನಗೆ ಕೂರಲಾಗದೆ ಎದ್ದು ಹೋಗಿ ನೋಡಿದರೆ, ಪಡಸಾಲೆಯ ಕನ್ನಡಿಯ ಮುಂದೆ ನಿಂತು ನೆರಿಗೆ ಹಿಡಿಯುತ್ತಿದ್ದಳು. ನೆರಿಗೆ ಕಾಣುವಷ್ಟು ಕೆಳಗಿನ ಭಾಗವನ್ನು ಮಾತ್ರ ಒರೆಸಿಕೊಂಡಿದ್ದಳು. ಮೇಲೆ ಧೂಳು ಹಾಗೆಯೇ ಇತ್ತು, ನಾನು ಎಳೆದ ಗೆರೆಯೂ.

ಕುಬಸ ಅವಳಿಗೆ ಎರಡು ಅಳತೆ ದೊಡ್ಡದು. ತಂಗೆವ್ವ ತಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಬೆನ್ನಿಗೆ ಹಚ್ಚಿದರು. ಪ್ರತಿ ಪಿನ್ನಿಗೂ ಮೊದಲು ಬಟ್ಟೆಯ ಕೆಳಗೆ ತಮ್ಮ ಬೆರಳು ಇಡುತ್ತಿದ್ದರು, ಹುಡುಗಿಗೆ ಚುಚ್ಚದಿರಲೆಂದು.

ಕಾಂಚನಾ ಹೊಸ್ತಿಲ ಮೇಲೆ ನಿಂತಳು. "ಒಂದ ಹೆಜ್ಜಿ ಒಳಗ ಬಾ," ಎಂದೆ ನಾನು. ಗುರುಸಿದ್ದ ನನ್ನ ಕಡೆ ನೋಡಿದ. ಅವಳು ಒಳಗೆ ಸರಿದಳು. ಗಂಟೆ ಹತ್ತೂವರೆ ಆಗಿತ್ತು, ಬೆಳಕು ಇನ್ನೂ ಸರಿಯಿತ್ತು. ರಂಜನಾ ಫೋನು ಹಿಡಿದಳು. ತಂಗೆವ್ವ ಕರೆ ಮಾಡಿಕೊಟ್ಟರು.

ತೆರೆಯ ತುಂಬ ಮುಖಗಳು ಬಂದವು. ಅರ್ಧ ಮುಖ, ಹಣೆ ಮಾತ್ರ, ಒಂದು ಕಿವಿ. ಎಲ್ಲರೂ ಒಮ್ಮೆಗೇ ಮಾತಾಡುತ್ತಿದ್ದರು. ಅದರೊಳಗಿಂದ ಒಂದು ದನಿ ಸ್ಪಷ್ಟವಾಗಿ ಕೇಳಿತು.

"ಈಕಿ ಯಾರ ಬೇ? ಆ ಹುಡುಗಿ ಎಲ್ಲಿ?"

ಕಾಂಚನಾಳ ಕಣ್ಣು ಕೆಳಗಿಳಿಯಿತು. ಆ ಬಸ್ಸಿನ ದಿನದಿಂದ ಇಲ್ಲಿಯವರೆಗೆ ಅವಳು ಓಢಣಿ ಸುತ್ತಿಕೊಂಡು ತಪ್ಪಿಸಿಕೊಂಡು ಓಡಾಡಿದ್ದು ಇದೇ ಪ್ರಶ್ನೆಯಿಂದ. ತಂಗೆವ್ವ ಉತ್ತರ ಕೊಡಲು ಬಾಯಿ ತೆರೆದರು. ನಾನು ಅವರ ಮೊಣಕೈ ಮುಟ್ಟಿ ತಡೆದೆ.

"ನಾನ ಆಕಿ," ಎಂದಳು ಕಾಂಚನಾ. "ಅವತ್ತ ಫೋನಿನ್ಯಾಗ ಬಣ್ಣ ಬದಲ ಮಾಡಿದ್ದೆ. ನಂದು ಮಾಡಾಕ ಹೋದ್ರ ಸೀರಿದೂ ಆತು. ಸೀರಿದು ಖರೆ ಬಣ್ಣ ಇದ. ನಂದೂ ಇದ."

ಅತ್ತ ಕಡೆಯಿಂದ ಯಾರೋ, ಹಿಂದೆ ತಿರುಗು ತಂಗಿ, ಸೆರಗು ಕಾಣಲಿ, ಎಂದರು. ಅವಳು ತಿರುಗಿದಳು. ಊಟ ಬಡಿಸುವಾಗ ಸಾರು ಬಿದ್ದರೂ ಈ ಬಣ್ಣದಲ್ಲಿ ಕಾಣುವುದಿಲ್ಲ ಎಂದು ಒಬ್ಬರು, ಹೌದು ಆದರೆ ಉಳ್ಳಾಗಡ್ಡಿಯೇ ಇದ್ದರೆ ಬೇರೆ ಇತ್ತು ಎಂದು ಇನ್ನೊಬ್ಬರು, ಕುಬಸ ತೋಳಿಗೆ ಬಿಗಿಯೇ ಎಂದು ಮತ್ತೊಬ್ಬರು. ಕಾಂಚನಾ ಬೆನ್ನು ತಿರುಗಿಸಿ ಸಾಲಾಗಿ ಹಚ್ಚಿದ ಪಿನ್ನು ತೋರಿಸಿ ಬಿಗಿಯಲ್ಲ, ಸಡಿಲ ಎಂದಳು. ಆ ಕಡೆಯವರು ನಕ್ಕರು. ಅವಳೂ ನಕ್ಕಳು.

"ಹಲ್ಲಿನ ಮ್ಯಾಲ ಹಲ್ಲೈತಿ ನೋಡ್ರಿ," ಎಂದಿತು ಒಂದು ಮುದಿ ದನಿ. "ನಮ್ಮ ಸಿಸ್ಟರಗೂ ಹಂಗ ಐತಿ."

ಕಾಂಚನಾ ಬಾಯಿ ಮುಚ್ಚಲು ಹೋದಳು, ಕೈ ಅರ್ಧಕ್ಕೆ ನಿಂತಿತು. ಅಷ್ಟರಲ್ಲಿ ಅವರು ಯಾವ ಕಡೆಗೆ ಸೆರಗು ಹೊದೆಯಬೇಕು ಎಂಬ ಮಾತಿಗೆ ಹೋಗಿಬಿಟ್ಟಿದ್ದರು. ಒಬ್ಬ ಹೆಂಗಸಿಗೆ ಕೊನೆಯವರೆಗೂ ಸಮಾಧಾನವಾಗಲಿಲ್ಲ. ಉಳಿದವರು ಇರಲಿ ಬಿಡು ಎಂದರು. ಫೋನು ಇಟ್ಟ ಮೇಲೆ ಕಾಂಚನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದದ್ದು ನನಗೆ ಕಂಡಿತು. ತಂಗೆವ್ವನಿಗೂ ಕಂಡಿರಬೇಕು. ಪಿನ್ನು ತೆಗೆಯಲು ಅವರು ಬೇಕೆಂದೇ ಬಹಳ ಹೊತ್ತು ತೆಗೆದುಕೊಂಡರು.

ಗುರುಸಿದ್ದ ಧರೆಪ್ಪನ ಕೈಯಿಂದ ಬುತ್ತಿಚೀಲ ಇಸಿದುಕೊಂಡು ಹೋಗಿ ತಾನೇ ಮೊಳೆಗೆ ತೂಗಿಹಾಕಿದ. ಮಧ್ಯಾಹ್ನ ಧರೆಪ್ಪ ನೀರು ಕುಡಿಯಲು ಬಂದವನು ನನ್ನ ಹತ್ತಿರ ನಿಂತು, "ಅವ್ವಾರ, ನನ್ನ ಕಣ್ಣ ಛಲೋ ಅದಾವಂತ," ಎಂದ.

ಆ ದಿನ ಸಂಜೆಯೊಳಗೆ ಕಾಂಚನಾ ಹಳೆಯ ವಿಡಿಯೋ ತೆಗೆದು, ಬಾಗಿಲ ಬೆಳಕಿನಲ್ಲಿ ಮಾಡಿದ ಹೊಸದನ್ನು ಹಾಕಿದಳು. ಹಾಕಿ ಅವಳಿಗೆ ನೆಮ್ಮದಿಯಾಯಿತು ಎಂದರೆ ಸುಳ್ಳಾಗುತ್ತದೆ. ಫೋನನ್ನು ಬೋರಲು ಇಡುವಳು, ಕಂಡಿಕೆಗೆ ನೂಲು ಸುತ್ತಲು ಹೋಗುವಳು, ಒಂದು ಸುತ್ತಿ ಬಂದು ತಿರುಗಿಸಿ ನೋಡುವಳು. ಎಷ್ಟಾಯಿತು ಎಂದು ಕೇಳಿದರೆ ಹನ್ನೊಂದು ಎಂದಳು. ಮೊದಲು ಅಷ್ಟು ಹೊತ್ತಿಗೆ ನೂರು ದಾಟುತ್ತಿತ್ತು. ಮರುದಿನ ಯಾರೋ "ಮೊದಲಿನ ಹುಡುಗಿ ಛಲೋ ಇದ್ಲು" ಎಂದು ಬರೆದ. ಅದನ್ನು ಅವಳು ನನಗೆ ಜೋರಾಗಿ ಓದಿ ಹೇಳಿದಳು. ಹಿಂದಿನದನ್ನು ಆರು ತಿಂಗಳು ಒಬ್ಬಳೇ ಓದಿಕೊಂಡವಳು ಇದನ್ನು ನನಗೆ ಓದಿ ಹೇಳಿದಳಲ್ಲ, ನಾನು ಅಷ್ಟನ್ನೇ ಹಿಡಿದುಕೊಂಡೆ. ಈ ಸಲ ಅವರಜ್ಜನ ಮಾತೆತ್ತಲಿಲ್ಲ. "ಓದಿದ್ರ ಹೆಂಗಾಗತೈತಿ?" ಎಂದು ಕೇಳಿದೆ. "ಮತ್ತ ಮತ್ತ ಓದಬೇಕ ಅನಸತೈತಿ," ಎಂದಳು. ಬಾ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಕುಚ್ಚಿನ ಎಳೆ ಕೊಟ್ಟೆ. ಹದಿನಾರು ಕುಚ್ಚು ಕಟ್ಟಿದಳು. ನಡುವೆ ನಾಲ್ಕು ಸಲ ಫೋನು ನೋಡಿದಳು.

ಭಾನುವಾರ ಮಧ್ಯಾಹ್ನ ಗಲಗಲಿಯಿಂದ ಫೋಟೋ ಬಂತು. ಸುಡುಬಿಸಿಲಿನಲ್ಲಿ ಇಪ್ಪತ್ನಾಲ್ಕು ಹೆಂಗಸರು, ಇಟ್ಟಂಗಿ ಸೀರೆ, ಉಳ್ಳಾಗಡ್ಡಿ ಕುಬಸ, ನಡುವೆ ಬಿಳಿ ಸೀರೆಯ ಸಿಸ್ಟರ್. ಅರ್ಧ ಮಂದಿ ಕಣ್ಣು ಕಿರಿದು ಮಾಡಿದ್ದರು, ಇಬ್ಬರು ಪೂರ್ತಿ ಮುಚ್ಚಿದ್ದರು, ತಂಗೆವ್ವನ ಬಾಯಿ ಏನೋ ಹೇಳುತ್ತಿದ್ದಂತೆ ತೆರೆದಿತ್ತು. ಕಾಂಚನಾ ಒಂದೊಂದು ಮುಖವನ್ನೂ ದೊಡ್ಡದು ಮಾಡಿ ನೋಡಿದಳು. ಸಿಸ್ಟರ್ ಮುಖದ ಮೇಲೆ ಬಹಳ ಹೊತ್ತು ನಿಂತಳು.

"ಒಬ್ಬರೂ ಛಲೋ ಬಂದಿಲ್ಲ ಆಯಿ," ಎಂದಳು. ಫೋಟೋವನ್ನು ಮತ್ತೆ ಸಣ್ಣದು ಮಾಡಿ, "ಆದ್ರೂ ಎಲ್ಲಾರಿಗೂ ಕಳಸ್ಯಾರ," ಎಂದಳು.

ಸೋಮವಾರ ಬೆಳಿಗ್ಗೆ ಗುರುಸಿದ್ದ ಹೊಸ ನೂಲಿನ ಲಡಿ ತಂದು ಬಾಗಿಲ ಹತ್ತಿರ ನನ್ನ ಕೈಯಲ್ಲಿಟ್ಟ. ಕೊಟ್ಟು ನಿಂತ. ನಾನು ಒಂದು ಕಣ್ಣು ಮುಚ್ಚಿ ನೋಡಿದೆ, ಇನ್ನೊಂದು ಮುಚ್ಚಿ ನೋಡಿದೆ. ಬಲಗಣ್ಣು ಒಂದು ಹೇಳಿತು, ಎಡಗಣ್ಣು ಒಂದು. ಕಾಲೇಜಿಗೆ ಹೊರಟಿದ್ದ ಕಾಂಚನಾಳನ್ನು ಕರೆದು ನೀನು ನೋಡು ಎಂದೆ. ಅವಳು ಲಡಿಯನ್ನು ಹಿಡಿದು ಬೆಳಕಿಗೆ ಒಡ್ಡಿದಳು, ತಿರುಗಿಸಿದಳು. "ಹುಣಸಿ ಚಿಗುರು," ಎಂದಳು. ನನ್ನ ಬಲಗಣ್ಣು ಹೇಳಿದ್ದೂ ಅದನ್ನೇ. ಗುರುಸಿದ್ದ ಚೀಟಿಯ ಮೇಲೆ ಹಾಗೆಯೇ ಬರೆದುಕೊಂಡ.

ಆಮೇಲೆ ಅವಳು ಓಢಣಿ ತೆಗೆದು ಮುಖಕ್ಕೆ ಒಂದು ಸುತ್ತು ಸುತ್ತಿದಳು. ನನ್ನ ಕಡೆ ನೋಡಿದಳು. ಇಳಿದು ಓಣಿಯಲ್ಲಿ ಜೋರಾಗಿ ನಡೆದಳು, ಬಸ್ಸಿಗೆ ಹೊತ್ತಾಗಿತ್ತು. ಓಣಿಯ ತಿರುವಿನಲ್ಲಿ ಅವಳ ಕೈ ಕತ್ತಿನ ಹತ್ತಿರ ಹೋದಂತೆ ಕಂಡಿತು. ಗಂಟು ಬಿಗಿ ಮಾಡಿಕೊಂಡಳೋ, ಬಿಚ್ಚಿದಳೋ, ಅಷ್ಟು ದೂರದ್ದು ನನಗೆ ತಿಳಿಯಲಿಲ್ಲ. ಎಡಗಣ್ಣಿನದು ಇನ್ನೂ ಆಗಬೇಕು.